ಮೊದಲ ಕಿಸಾನ್ ಕ್ರೆಡಿಟ್ ಕಾರ್ಡ್: ಸಾಲದ ಚರಿತ್ರೆ ಇಲ್ಲದವರು ಪಡೆಯುವುದು ಹೇಗೆ?



ಬೇಸಾಯದಲ್ಲಿ ಮಣ್ಣಿಗೆ ಹದವಿರುವಂತೆ ಬಂಡವಾಳಕ್ಕೂ ಹದವಿದೆ. ಬಿತ್ತನೆಯ ವೇಳೆಗೆ ಬೇರಿನ ಬಳಿ ಸೇರಬೇಕಾದ ರಂಜಕದ ಗೊಬ್ಬರವನ್ನು ತಿಂಗಳು ಕಳೆದು ಮೇಲೆ ಎರಚಿದರೆ ಪೈರಿಗೆ ಅದರ ಪೂರ್ಣ ಪ್ರಯೋಜನ ದೊರೆಯದು. ಮಳೆ ಬಿದ್ದ ಮೇಲೆ ಹಣ ಹುಡುಕಲು ಹೊರಟವನಿಗೂ ಇದೇ ಗತಿ. ಕೊನೆಗೆ ಕೈಸಾಲವೇ ದಾರಿಯಾಗುತ್ತದೆ. ನೂರಕ್ಕೆ ತಿಂಗಳಿಗೆ 3 ರೂ. ಬಡ್ಡಿಯಂತೆ 50,000 ರೂ. ತಂದರೆ ವರ್ಷಕ್ಕೆ ಬಡ್ಡಿಯೇ 18,000 ರೂ. ಆಗುತ್ತದೆ.

ಹೀಗಿದ್ದರೂ, ಹೊಸದಾಗಿ ಬೇಸಾಯಕ್ಕೆ ಇಳಿದ ಅನೇಕರು "ನಾವು ಎಲ್ಲೂ ಸಾಲ ಮಾಡಿದವರಲ್ಲ, ಸಿಬಿಲ್‌ನಲ್ಲಿ ನಮ್ಮ ಹೆಸರೇ ಇಲ್ಲ, ನಮಗೆ ಯಾರು ಕೊಡುತ್ತಾರೆ?" ಎಂದು ಅಂಜಿ ಬ್ಯಾಂಕಿಗೆ ಅರ್ಜಿಯನ್ನೇ ಹಾಕುವುದಿಲ್ಲ. ಈ ಅಂಜಿಕೆ ಬೇಡ.

ಚರಿತ್ರೆ ಇಲ್ಲದಿರುವುದು ದೋಷವಲ್ಲ

ಸಾಲ ತೀರಿಸಿದ ರೀತಿಯನ್ನು ಸಿಬಿಲ್‌ನಂಥ ಸಂಸ್ಥೆಗಳು 300ರಿಂದ 900ರವರೆಗಿನ ಅಂಕಗಳಲ್ಲಿ ಅಳೆಯುತ್ತವೆ. ಸಾಲವನ್ನೇ ಮಾಡದವರಿಗೆ ಈ ಅಂಕ ಇರುವುದಿಲ್ಲ. ಅಂಕ ಇಲ್ಲದಿರುವುದೇ ಬೇರೆ, ಕಡಿಮೆ ಇರುವುದೇ ಬೇರೆ. ಸಾಲದ ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಬಾರಿಯ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು 2025ರ ಜನವರಿ 6ರ ನಿರ್ದೇಶನದಲ್ಲಿ ಬ್ಯಾಂಕುಗಳಿಗೆ ಸಲಹೆ ನೀಡಿದೆ.

1998ರಲ್ಲಿ ಜಾರಿಗೆ ಬಂದ ಕಿಸಾನ್ ಕ್ರೆಡಿಟ್ ಕಾರ್ಡ್ ಪೇಟೆಯ ಕ್ರೆಡಿಟ್ ಕಾರ್ಡಿನಂಥದಲ್ಲ. ಇಲ್ಲಿ ಸಾಲದ ಮಿತಿಯನ್ನು ನಿರ್ಧರಿಸುವುದು ಸಂಬಳದ ಚೀಟಿಯಲ್ಲ, ನಿಮ್ಮ ಹೊಲ ಮತ್ತು ಬೆಳೆ. ಅಲ್ಲದೆ, 2025ರ ಜನವರಿ 1ರಿಂದ 2 ಲಕ್ಷ ರೂ.ವರೆಗಿನ ಕೃಷಿ ಸಾಲಕ್ಕೆ ಆಸ್ತಿಯ ಅಡಮಾನ ಕೇಳುವಂತಿಲ್ಲ.

ಮಿತಿಯ ಲೆಕ್ಕ

ಪ್ರತಿ ಜಿಲ್ಲೆಯಲ್ಲೂ ತಾಂತ್ರಿಕ ಸಮಿತಿಯೊಂದು ಬೆಳೆವಾರು ಎಷ್ಟು ಸಾಲ ಕೊಡಬಹುದೆಂದು ಗೊತ್ತುಪಡಿಸುತ್ತದೆ. ಬ್ಯಾಂಕಿನವರು ಇದನ್ನು ಸ್ಕೇಲ್ ಆಫ್ ಫೈನಾನ್ಸ್ ಎನ್ನುತ್ತಾರೆ. ಉದಾಹರಣೆಗೆ, ಒಂದು ಬೆಳೆಗೆ ಎಕರೆಗೆ 25,000 ರೂ. ಎಂದು ಇಟ್ಟುಕೊಳ್ಳೋಣ. 2012ರ ಪರಿಷ್ಕೃತ ಯೋಜನೆಯಂತೆ 2 ಎಕರೆಗೆ ಮೊದಲ ವರ್ಷದ ಲೆಕ್ಕ ಹೀಗಾಗುತ್ತದೆ:

ಬೆಳೆಯ ಖರ್ಚಿಗೆ: 50,000 ರೂ.
ಕೊಯ್ಲಿನ ನಂತರದ ಹಾಗೂ ಮನೆಯ ಖರ್ಚಿಗೆ 10%: 5,000 ರೂ.
ಕೃಷಿ ಸಲಕರಣೆಗಳ ದುರಸ್ತಿ, ನಿರ್ವಹಣೆಗೆ 20%: 10,000 ರೂ.
ಒಟ್ಟು: 65,000 ರೂ.

ಇದಕ್ಕೆ ವಿಮೆಯ ಕಂತು ಬೇರೆ ಸೇರುತ್ತದೆ. ಬ್ಯಾಂಕಿಗೆ ಹೋಗುವ ಮುನ್ನ ನಿಮ್ಮ ಬೆಳೆಗೆ ಗೊತ್ತುಪಡಿಸಿದ ಮೊತ್ತವನ್ನು ಕೇಳಿ ತಿಳಿದು, ಈ ಲೆಕ್ಕವನ್ನು ನೀವೇ ಹಾಕಿಕೊಳ್ಳಿ.

ದಾಖಲೆಗಳು

ಆಧಾರ್, ಉಳಿತಾಯ ಖಾತೆಯ ಪಾಸ್‌ಬುಕ್, ಭಾವಚಿತ್ರ, ಇತ್ತೀಚಿನ ಪಹಣಿ ಹಾಗೂ ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆಯನ್ನು ಸಿದ್ಧವಾಗಿಡಿ. ಪಹಣಿಯಲ್ಲಿ ಈಗ ನೀವು ಬೆಳೆಯುವ ಬೆಳೆಯೇ ನಮೂದಾಗಿದೆಯೇ ಎಂದು ನೋಡಿಕೊಳ್ಳಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯಲು ಮರೆಯಬೇಡಿ. ಪೂರ್ಣ ಅರ್ಜಿ ತಲುಪಿದ 14 ದಿನಗಳಲ್ಲಿ ಕಾರ್ಡು ಕೊಡಬೇಕೆಂದು 2019ರಲ್ಲಿ ಸೂಚನೆ ಹೊರಟಿದೆ. ಒಂದು ವೇಳೆ ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಜಿಲ್ಲೆಯ ಲೀಡ್ ಬ್ಯಾಂಕ್ ವ್ಯವಸ್ಥಾಪಕರನ್ನು ಕಾಣಿರಿ.

ಜಮೀನು ತಮ್ಮ ಹೆಸರಿನಲ್ಲಿ ಇಲ್ಲದವರು

ನಿಜವಾದ ತೊಡಕು ಇರುವುದು ಇಲ್ಲಿ. ಉಳುವವನು ಮಗ, ಪಹಣಿಯಲ್ಲಿರುವ ಹೆಸರು ತೀರಿಹೋದ ಅಜ್ಜನದು! ಇಂಥವರು ಮೊದಲು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಬೇಕು. ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳುವುದು ಲೇಸು. ಗುತ್ತಿಗೆಗೆ ಅಥವಾ ಕೋರಿಗೆ ಮಾಡುವವರೂ ಈ ಯೋಜನೆಗೆ ಅರ್ಹರು. ಇವರಿಗೆ ಅಕ್ಕಪಕ್ಕದ ರೈತರೊಡನೆ ಸೇರಿ 4ರಿಂದ 10 ಜನರ ಜಂಟಿ ಬಾಧ್ಯತಾ ಗುಂಪು ಕಟ್ಟಿಕೊಳ್ಳುವುದು ಸುಲಭದ ಮಾರ್ಗ. ಗುಂಪಿನಲ್ಲಿ ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆಯಾದ್ದರಿಂದ ನಂಬಿಕಸ್ಥರನ್ನೇ ಆರಿಸಿಕೊಳ್ಳಬೇಕು.

ಮೊದಲ ವರ್ಷವೇ ಮುಖ್ಯ

ಕಾರ್ಡು ಕೈಗೆ ಬಂದ ದಿನದಿಂದ ನಿಮ್ಮ ಚರಿತ್ರೆ ಆರಂಭವಾಗುತ್ತದೆ. ಮಿತಿಯಿದೆಯೆಂದು ಒಮ್ಮೆಗೇ ಎಲ್ಲ ಹಣ ತೆಗೆಯಬೇಡಿ. ಬಡ್ಡಿ ಬೀಳುವುದು ತೆಗೆದ ಹಣಕ್ಕೆ ಮಾತ್ರ. ಬಿತ್ತನೆಗೆ ಬೇಕಾದಷ್ಟು ಈಗ, ಮೇಲುಗೊಬ್ಬರಕ್ಕೆ ಆಮೇಲೆ, ಹೀಗೆ ಬೆಳೆಯ ಹಂತ ನೋಡಿ ತೆಗೆಯಿರಿ.

ಕೇಂದ್ರ ಸರ್ಕಾರ 2025-26ನೇ ಸಾಲಿಗೂ ಮುಂದುವರಿಸಿದ ಬಡ್ಡಿ ಸಹಾಯಧನ ಯೋಜನೆಯಲ್ಲಿ 3 ಲಕ್ಷ ರೂ.ವರೆಗಿನ ಬೆಳೆಸಾಲಕ್ಕೆ ಬಡ್ಡಿ 7%. ಗಡುವಿನೊಳಗೆ ತೀರಿಸಿದವರಿಗೆ ಇದರಲ್ಲಿ 3% ರಿಯಾಯಿತಿ ಇದೆ. ಅಂದರೆ 50,000 ರೂ.ಗೆ ವರ್ಷಕ್ಕೆ 2,000 ರೂ. ಮಾತ್ರ. ಗಡುವು ಮೀರಿದರೆ ಈ ರಿಯಾಯಿತಿಯೂ ಹೋಗುತ್ತದೆ, ಹೆಸರಿಗೂ ಮಚ್ಚೆ ಬೀಳುತ್ತದೆ. ಆದ್ದರಿಂದ ಗಡುವಿನ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಂತರೆ ಅದೂ ನಿಮ್ಮ ವರದಿಯಲ್ಲಿ ಸೇರುತ್ತದೆ ಎಂಬುದು ನೆನಪಿರಲಿ. ಈ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆದು, ತಪ್ಪಿದ್ದರೆ ತಿದ್ದಿಸಿಕೊಳ್ಳಬಹುದು.

ಮಳೆಗೆ ಮುಂಚೆ ಹೊಲ ಹಸನು ಮಾಡಿಕೊಳ್ಳುವ ಹಾಗೆಯೇ ದಾಖಲೆಗಳನ್ನೂ ಹಸನು ಮಾಡಿಕೊಳ್ಳಿ. ಮೊದಲ ವರ್ಷ ಸಾಲ ಸಣ್ಣದಿದ್ದರೂ ಚಿಂತೆಯಿಲ್ಲ, ಹೊತ್ತಿಗೆ ಸರಿಯಾಗಿ ತೀರಿಸಿ. ಮುಂದಿನ ಸಾಲಿಗೆ ಬ್ಯಾಂಕಿನ ಬಾಗಿಲಲ್ಲಿ ನಿಮ್ಮ ಪರವಾಗಿ ಆ ಚರಿತ್ರೆಯೇ ಮಾತನಾಡುತ್ತದೆ.