ಸಿಗ್ನಲ್‌ನಲ್ಲಿ ತಡವರಿಸುವ ಯೆಜ್ಡಿ: ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಪಾಯಿಂಟ್ ನೋಡಿ

ಹೈದರಾಬಾದ್: ಕೋಠಿ ಸಿಗ್ನಲ್‌ನಲ್ಲಿ ಹಸಿರು ದೀಪ ಬೀಳುತ್ತದೆ, ಹಿಂದಿನಿಂದ ಸಿಟಿ ಬಸ್ಸು ಹಾರ್ನ್ ಹೊಡೆಯುತ್ತದೆ. ಆಕ್ಸಿಲರೇಟರ್ ತಿರುಗಿಸಿದರೆ ಹಳೆಯ ಯೆಜ್ಡಿ ಮುಂದೆ ಹೋಗುವ ಬದಲು ಒಂದು ಕ್ಷಣ ಉಸಿರುಗಟ್ಟಿ, ಆಮೇಲೆ ತಟ್ಟನೆ ನೆಗೆಯುತ್ತದೆ. ಒಮ್ಮೊಮ್ಮೆ ನಡುರಸ್ತೆಯಲ್ಲಿ ನಿಂತೇ ಬಿಡುತ್ತದೆ. ನಗರದಲ್ಲಿ ಜಾವಾ, ಯೆಜ್ಡಿಗಳನ್ನು ಉಳಿಸಿಕೊಂಡಿರುವ ಕನ್ನಡಿಗರಿಗೆ ಈ ತೊಂದರೆ ಹೊಸತೇನಲ್ಲ. ಆದರೆ ಇಷ್ಟಕ್ಕೇ ಗಾಡಿಯನ್ನು ಗುಜರಿಗೆ ಹಾಕುವುದು ದುಡುಕಿನ ನಿರ್ಧಾರವೇ ಸರಿ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಆರಂಭವಾದ ಉತ್ಪಾದನೆ 1996ರಲ್ಲಿ ನಿಂತಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದವಾದರೂ ಅವು ಫೋರ್ ಸ್ಟ್ರೋಕ್, ಫ್ಯೂಯಲ್ ಇಂಜೆಕ್ಷನ್ ಗಾಡಿಗಳು. ಹಳೆಯ ಟೂ ಸ್ಟ್ರೋಕ್ ಟ್ಯೂನಿಂಗ್ ಬಲ್ಲ ಹಿರಿಯ ಮೆಕ್ಯಾನಿಕ್‌ಗಳು ವರ್ಷ ವರ್ಷ ಕಡಿಮೆಯಾಗುತ್ತಿರುವುದರಿಂದ ಮಾಲೀಕರೇ ಒಂದಿಷ್ಟು ತಿಳಿದಿರುವುದು ಒಳಿತು.

ಪಿಕಪ್ ಇಲ್ಲವೆಂದರೆ ಬಹುತೇಕರು ಮೊದಲು ಕೈ ಹಾಕುವುದು ಕಾರ್ಬ್ಯುರೇಟರ್‌ಗೆ. ಇದು ತಲೆಕೆಳಗಾದ ಕ್ರಮ. ಸ್ಪಾರ್ಕ್ ತಪ್ಪಿರುವಾಗ ಸ್ಕ್ರೂ ತಿರುಗಿಸುವುದು, ಆರಂಭಿಕ ಶಿಲ್ಕೇ ತಪ್ಪಿರುವಾಗ ದಿನದ ಲೆಕ್ಕ ತಾಳೆ ನೋಡಿದಂತೆ. ಸಿಬಿ ಪಾಯಿಂಟ್‌ನ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಸ್ಪಾರ್ಕ್ ಹಿಂದೆ ಬೀಳುತ್ತದೆ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುವುದರಿಂದ ಮೊದಲು ಪಾಯಿಂಟ್ ಶುಚಿ ಮಾಡಿ, ಫೀಲರ್ ಗೇಜ್‌ನಿಂದ ಗ್ಯಾಪ್ ಸರಿಪಡಿಸಬೇಕು. ಬಳಿಕ ಪ್ಲಗ್ ರಂಧ್ರದಿಂದ ಗೇಜ್ ಇಳಿಸಿ ಪಿಸ್ಟನ್ ತೀರ ಮೇಲಿರುವ ಜಾಗ ಗುರುತಿಸಿ, ಅದಕ್ಕಿಂತ ಎಷ್ಟು ಮಿಲಿಮೀಟರ್ ಮೊದಲು ಸ್ಪಾರ್ಕ್ ಬರಬೇಕೆಂದು ಆಯಾ ಮಾಡೆಲ್‌ನ ಕೈಪಿಡಿ ಹೇಳುತ್ತದೋ ಅಲ್ಲಿಗೆ ತರಬೇಕು. ಪಾಯಿಂಟ್ ಮತ್ತು ಬಾಡಿ ನಡುವೆ ಸಣ್ಣ ಬಲ್ಬ್ ಕಟ್ಟಿ ಇಗ್ನಿಷನ್ ಹಾಕಿದರೆ, ಪಾಯಿಂಟ್ ತೆರೆದ ಕ್ಷಣ ಅದು ಹೊತ್ತಿಕೊಳ್ಳುತ್ತದೆ. ಬಲ್ಬ್ ಸರಿಯಾಗಿ ಆ ಜಾಗದಲ್ಲೇ ಹೊತ್ತುವಂತೆ ಪ್ಲೇಟ್ ಸರಿಸಿ ಬಿಗಿಮಾಡಬೇಕು.

ಕಾರ್ಬ್ಯುರೇಟರ್ ಸರದಿ ಬರುವುದು ಇದಾದ ಮೇಲೆ. ಆಕ್ಸಿಲರೇಟರನ್ನು ಒಮ್ಮೆಲೇ ತೆರೆದಾಗ ಗಾಳಿ ಮೊದಲು ನುಗ್ಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ. ಆ ಕ್ಷಣವನ್ನು ದಾಟಿಸುವುದು ಚಿಕ್ಕದಾದ ಐಡ್ಲಿಂಗ್ ಜೆಟ್. ಅದರಲ್ಲಿ ಕೂದಲೆಳೆಯಷ್ಟು ಕಸ ಕೂತರೂ ಗಾಡಿ ತಡವರಿಸುತ್ತದೆ. ಚೋಕ್ ಸ್ವಲ್ಪ ಎಳೆದಾಗ ಎಳೆತ ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ, ಇನ್ನೂ ಕೆಟ್ಟರೆ ಹೆಚ್ಚಾಗಿದೆ ಎಂದರ್ಥ. ಜೆಟ್ ಶುಚಿಯಾದ ಬಳಿಕ, ಇಂಜಿನ್ ಬಿಸಿಯಿರುವಾಗಲೇ ಏರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸಿ ನೋಡಬೇಕು. ಒಳಕ್ಕೆ ಹೋದಷ್ಟೂ ಗಾಳಿ ಕಡಿಮೆ. ಅದಕ್ಕೂ ಬಗ್ಗದಿದ್ದರೆ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದಾಗ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚುತ್ತದೆ.

ಇಲ್ಲಿ ಹೊಸದೊಂದು ತೊಡಕೂ ಸೇರಿದೆ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್‌ನಲ್ಲೇ ಆಮ್ಲಜನಕವಿರುವುದರಿಂದ ಅಪ್ಪಟ ಪೆಟ್ರೋಲಿಗೆ ಹೊಂದಿಸಿದ ಹಳೆಯ ಜೆಟ್‌ನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಅಪ್ಪನ ಕಾಲದಲ್ಲಿ ಸರಿಯಿದ್ದ ಸೆಟ್ಟಿಂಗ್ ಇಂದು ತಡವರಿಸಲು ಇದೂ ಒಂದು ಕಾರಣ. ತೆಳು ಮಿಶ್ರಣವನ್ನು ಹಾಗೇ ಬಿಟ್ಟರೆ ಟೂ ಸ್ಟ್ರೋಕ್ ಇಂಜಿನ್ ಕಾದು ಪಿಸ್ಟನ್ ಜಾಮ್ ಆಗುವ ಭಯವಿದೆ. ಅಕ್ಕರೆಯಿಂದ ಆಯಿಲ್ ಹೆಚ್ಚು ಬೆರೆಸುವವರೂ ಇದ್ದಾರೆ. ಆಯಿಲ್ ಹೆಚ್ಚಾದಷ್ಟೂ ಜೆಟ್‌ನಲ್ಲಿ ಹಾಯುವ ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ಮತ್ತಷ್ಟು ತೆಳುವಾಗುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಸರಿಹೋಗದಿದ್ದರೆ ಎಲ್ಲಿಂದಲೋ ಗಾಳಿ ಸೋರುತ್ತಿದೆ ಎಂದೇ ತಿಳಿಯಬೇಕು. ಕಾರ್ಬ್ಯುರೇಟರ್ ಕೂರುವ ಜಾಗದ ಪ್ಯಾಕಿಂಗ್, ನಂತರ ಕ್ರ್ಯಾಂಕ್‌ನ ಆಯಿಲ್ ಸೀಲ್ ಪರೀಕ್ಷಿಸಬೇಕು. ಪ್ಯಾಕಿಂಗನ್ನು ಮನೆಯಲ್ಲೇ ಬದಲಿಸಬಹುದು. ಸೀಲ್ ಕೆಲಸವನ್ನು ಮಾತ್ರ ಯೆಜ್ಡಿ ಬಿಚ್ಚಿ ಪಳಗಿದ ಕೈಗೇ ಒಪ್ಪಿಸಬೇಕು.