ಕಡಕೊಳ ದಾಟದ ಯೆಜ್ಡಿ

ನಂಜನಗೂಡಿನಿಂದ ಮೈಸೂರಿಗೆ ಹೋಗುವಾಗ ಕಡಕೊಳ ಹತ್ತಿರ ಬಂತೆಂದರೆ ನನ್ನ ಎದೆ ಡವಡವ ಎನ್ನುತ್ತಿತ್ತು. ಅಲ್ಲಿ ಯಾವ ಹುಡುಗಿಯೂ ನನಗಾಗಿ ಕಾದು ನಿಂತಿರಲಿಲ್ಲ ಬಿಡಿ. ಅಪ್ಪನ 1984ರ ಯೆಜ್ಡಿ ಸರಿಯಾಗಿ ಅಲ್ಲೇ ಆಸುಪಾಸಿನಲ್ಲಿ ಒಮ್ಮೆ ಕೆಮ್ಮಿ, ಎರಡು ಸಲ ಜಗ್ಗಿ, ಆಫ್ ಆಗಿಬಿಡುತ್ತಿತ್ತು. ಕಿಕ್ ಹೊಡೆದರೂ ಇಲ್ಲ, ತಳ್ಳಿದರೂ ಇಲ್ಲ. ಮರದ ನೆರಳಲ್ಲಿ ಇಪ್ಪತ್ತು ನಿಮಿಷ ಕೂತು, ಎದ್ದು ಒದ್ದರೆ ಏನೂ ಆಗೇ ಇಲ್ಲವೆಂಬಂತೆ ಮೊದಲ ಕಿಕ್ಕಿಗೇ ಸ್ಟಾರ್ಟ್!

ಹಾಗೇ ಒಂದು ಮಂಗಳವಾರ ಕಂಪನಿಯೊಂದರ ವಾಕ್-ಇನ್ ಇಂಟರ್‌ವ್ಯೂಗೆ ಹೊರಟಿದ್ದೆ. ಹತ್ತು ಗಂಟೆಗೆ ಇರಬೇಕಿತ್ತು, ತಲುಪಿದಾಗ ಹನ್ನೊಂದೂಕಾಲು. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಮೇಲೆ ಗ್ರೀಸಿನ ಬೆರಳಚ್ಚು. ಗೇಟಿನಲ್ಲಿದ್ದ ಸೆಕ್ಯುರಿಟಿಯವರು ನನ್ನ ಕೈ ನೋಡಿ, ‘ಮೆಕ್ಯಾನಿಕ್ಕಾ? ಹಿಂದಿನ ಗೇಟಿಗೆ ಹೋಗಪ್ಪ’ ಎಂದರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಅಂತ ಹೇಳಲು ನಾಚಿಕೆಯಾಗಿ ವಾಪಸ್ ಬಂದೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ, ‘ಮಾರ್ಬಿಡೋಣ ಕಣೋ’ ಎಂದರು.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಇನ್ನು ಪಾರ್ಟು ಸಿಗೋಲ್ಲ ಎಂದು ಹೆದರಿ ಮಾರುತ್ತಿದ್ದವರೊಬ್ಬರಿಂದ ಅದೇ ವರ್ಷ ಅಪ್ಪ ಇದನ್ನು ಕಮ್ಮಿ ದುಡ್ಡಿಗೆ ಕೊಂಡಿದ್ದರು. ಹುಲ್ಲಹಳ್ಳಿ, ಹುರ, ಬೇಗೂರು ಕಡೆಯ ಪೆಟ್ಟಿಗೆ ಅಂಗಡಿಗಳಿಗೆ ಬಿಸ್ಕತ್ತು, ಬೆಂಕಿಪೊಟ್ಟಣ ಹಾಕುವ ಲೈನ್ ವ್ಯಾಪಾರ ಅವರದು. ನಮ್ಮ ಮನೆಯ ಅನ್ನ, ನನ್ನ ಫೀಸು, ತಂಗಿಯ ಕನ್ನಡಕ ಎಲ್ಲ ಬಂದಿದ್ದು ಈ ಗಾಡಿಯ ಹಿಂದಿನ ಸೀಟಿನ ಮೇಲೆಯೇ. ಈಗ ನನಗೆ ಬೆಂಗಳೂರಿನಲ್ಲಿ ಎಂಬೆಡೆಡ್ ಕೋರ್ಸ್ ಮಾಡಬೇಕಿತ್ತು. ಫೀಸು 85 ಸಾವಿರ. ಹಳೇ ಗಾಡಿಗಳ ಹುಚ್ಚಿರುವ ಬೆಂಗಳೂರಿನವರೊಬ್ಬರು ಫೋನಿನಲ್ಲೇ ವ್ಯಾಪಾರ ಮಾತಾಡಿದ್ದರು. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ, ಅಷ್ಟರೊಳಗೆ ಬೇಕು. ಓಡಿದರೆ 90 ಸಾವಿರ, ದಾರಿಯಲ್ಲಿ ನಿಲ್ಲೋದಾದರೆ 55.

ಅಂದರೆ ನಾನು ರಿಪೇರಿ ಮಾಡಿದರೆ ಗಾಡಿ ಹೋಗುತ್ತದೆ, ಮಾಡದಿದ್ದರೆ ಕೋರ್ಸ್ ಹೋಗುತ್ತದೆ.

ಅಷ್ಟರಲ್ಲಾಗಲೇ ಇಬ್ಬರು ಮೆಕ್ಯಾನಿಕ್‌ಗಳು ಕೈಯಾಡಿಸಿದ್ದರು. ಒಬ್ಬರು ಪ್ಲಗ್ ಬದಲಿಸಿ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು. ಇನ್ನೊಬ್ಬರು ‘ಬೋರ್ ಹೋಗಿದೆ’ ಎಂದು ಎಂಟು ಸಾವಿರದ ಲೆಕ್ಕ ಬರೆದುಕೊಟ್ಟರು. ಅವರನ್ನು ಬೈಯುವಂತೆಯೂ ಇಲ್ಲ. ನಮ್ಮ ಮನೆಯಿಂದ ಅವರ ಶೆಡ್ಡಿಗೆ ಒಂದು ಕಿಲೋಮೀಟರು. ಗಾಡಿ ಬಿಸಿಯಾಗುವ ಮೊದಲೇ ಶೆಡ್ಡು ಬರುತ್ತಿತ್ತು. ಅವರೆದುರು ಅದು ಅಂಗನವಾಡಿಗೆ ಹೊಸದಾಗಿ ಸೇರಿದ ಮಗುವಿನ ಹಾಗೆ ಗಪ್‌ಚುಪ್!

‘ಕೆಟ್ಟಿರೋದನ್ನ ಕೆಟ್ಟಿರೋವಾಗ್ಲೇ ನೋಡ್ಬೇಕು ಮಗ. ಜ್ವರ ಇಳಿದ್ಮೇಲೆ ಡಾಕ್ಟ್ರ ಹತ್ರ ಹೋದ್ರೆ ಅವ್ರೇನ್ ಮಾಡ್ತಾರೆ?’ ಎಂದರು ಅಪ್ಪ. ನಾಲ್ಕು ಸೆಮಿಸ್ಟರ್ ಲ್ಯಾಬಿನಲ್ಲಿ ರೆಕಾರ್ಡ್ ಬರೆದ ನನಗೆ ಇದು ಹೊಳೆದಿರಲಿಲ್ಲ.

ಮರುದಿನದಿಂದ ಪ್ಲಗ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಒಂದು ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು, ಕೆಟ್ಟು ನಿಲ್ಲಲಿ ಎಂದೇ ಕಡಕೊಳದ ಕಡೆ ಹೊರಟೆ. ಒಂದು ಸಲಕ್ಕೆ ಒಂದೇ ಪರೀಕ್ಷೆ ಎಂದು ನಿಯಮ ಹಾಕಿಕೊಂಡೆ. ಹಿಂದೆ ಪ್ಲಗ್ಗೂ ಕಾರ್ಬ್ಯುರೇಟರೂ ಒಟ್ಟಿಗೆ ಮುಟ್ಟಿ ಯಾವುದರಿಂದ ಏನಾಯಿತು ಎಂಬುದೇ ಗೊತ್ತಾಗಿರಲಿಲ್ಲ.

ಮೊದಲ ಅನುಮಾನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿ ಹೋಗಲು ಸಣ್ಣ ತೂತಿರುತ್ತದೆ. ಅದು ಕಟ್ಟಿಕೊಂಡರೆ ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬಾರದೆ, ಪೆಟ್ರೋಲ್ ಕೆಳಗಿಳಿಯುವುದು ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಗಾಳಿ ನಿಧಾನಕ್ಕೆ ಒಳಸೇರಿ ಮತ್ತೆ ಸ್ಟಾರ್ಟ್. ನಮ್ಮ ಕಾಯಿಲೆಯ ಲಕ್ಷಣವೂ ಅದೇ. ಗಾಡಿ ನಿಂತ ಕೂಡಲೇ ಮುಚ್ಚಳ ತೆಗೆದೆ, ಒದ್ದೆ, ಸ್ಟಾರ್ಟ್ ಆಗಲಿಲ್ಲ. ಟ್ಯೂಬ್ ಕಿತ್ತರೆ ಪೆಟ್ರೋಲ್ ಧಾರೆಯಾಗಿ ಸುರಿದು ಪ್ಯಾಂಟ್ ಒದ್ದೆ. ಹಾಗಾದರೆ ಪೆಟ್ರೋಲಿನ ತಪ್ಪಲ್ಲ. ಮತ್ತೊಂದು ದಿನ ಪಿಸ್ಟನ್ ಬಿಸಿಗೆ ಹಿಡಿದುಕೊಳ್ಳುತ್ತಿದೆಯೇ ಎಂದು ನೋಡಿದೆ. ನಿಂತ ಗಳಿಗೆಯಲ್ಲೂ ಕಿಕ್ಕರ್ ಸಲೀಸಾಗಿ ಇಳಿಯುತ್ತಿತ್ತು. (ಯೆಜ್ಡಿಯಲ್ಲಿ ಗೇರ್ ಲಿವರನ್ನೇ ಮೇಲಕ್ಕೆತ್ತಿ ಕಿಕ್ಕರ್ ಮಾಡಿಕೊಳ್ಳಬೇಕು. ‘ಅಣ್ಣಾ, ಕಿಕ್ಕರೇ ಇಲ್ವಲ್ಲ’ ಎನ್ನುವ ಹುಡುಗರಿಗೆ ತೋರಿಸುವುದೇ ಒಂದು ಮಜಾ.) ಬೋರ್ ಮಾಡಿಸುವ ಎಂಟು ಸಾವಿರ ಅಲ್ಲಿಗೆ ಉಳಿಯಿತು.

ಮೂರನೇ ಸಲ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದು ಕಿಕ್ ಮಾಡಿದೆ. ನೀಲಿ ಕಿಡಿ ಚಟ್ ಎನ್ನಬೇಕಾದಲ್ಲಿ ನಂದುವ ಊದುಬತ್ತಿಯಂಥ ಹಳದಿ ಕಿಡಿ, ಆಮೇಲೆ ಅದೂ ಇಲ್ಲ. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಮತ್ತೆ ನೀಲಿ! ರಸ್ತೆ ಬದಿಯಲ್ಲಿ ಒಬ್ಬನೇ ಕುಣಿದೆ. ಹಾಲಿನ ಕ್ಯಾನ್ ಹೊತ್ತು ಹೋಗುತ್ತಿದ್ದವರು ಗಾಡಿ ನಿಧಾನ ಮಾಡಿ ನೋಡಿ ಹೋದರು.

ಕಿಡಿಯದ್ದೇ ತೊಂದರೆ ಎಂದಾದ ಮೇಲೆ ಉಳಿದದ್ದು ಕಾಯಿಲ್, ಪಾಯಿಂಟ್, ಕಂಡೆನ್ಸರ್. ಪಾಯಿಂಟ್ ಮತ್ತು ಕಂಡೆನ್ಸರ್ ಎರಡನ್ನೂ ಫೆಬ್ರುವರಿಯಲ್ಲಷ್ಟೇ ಹೊಸದು ಹಾಕಿಸಿದ್ದೆವು. ಹೊಸದು ಕೆಡುತ್ತದೆಯೇ? ಕಾಯಿಲ್ಲೇ ಇರಬೇಕೆಂದು ಸಾವಿರದ ಇನ್ನೂರು ಕೊಟ್ಟು ತಂದು ಹಾಕಿದೆ. ಗಾಡಿ ಕಡಕೊಳದಲ್ಲಿ ಎಂದಿನಂತೆ ನಿಂತಿತು. ಆ ದುಡ್ಡು ಅಮ್ಮನ ಚೀಟಿಯದು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಅವತ್ತು ವಾಪಸಾಗುವಾಗ ಕತ್ತಲಾಗಿ, ಗಾಡಿ ಎರಡನೇ ಸಲ ನಿಂತಿತು. ಬಲಗಡೆಯ ಕವರ್ ತೆಗೆದು ಕೈಯಿಂದ ಕಿಕ್ಕರ್ ಒತ್ತಿದೆ. ಪಾಯಿಂಟ್‌ಗಳ ನಡುವೆ ಪಟಪಟ ಬೆಳ್ಳಗೆ ಕಿಡಿ ಹಾರುತ್ತಿತ್ತು. ಪ್ಲಗ್ಗಿನಲ್ಲಿ ಬರಬೇಕಾದ ಬೆಂಕಿ ಇಲ್ಲಿ ಸೋರುತ್ತಿದೆ! ಪಾಯಿಂಟ್ ತೆರೆದ ಗಳಿಗೆಯಲ್ಲಿ ಕರೆಂಟ್ ಅಲ್ಲಿ ಜಿಗಿಯದಂತೆ ತನ್ನೊಳಗೆ ಹಿಡಿದುಕೊಳ್ಳುವುದು ಕಂಡೆನ್ಸರ್ ಕೆಲಸ. ಆಗ ಮಾತ್ರ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಎರಡನೇ ಸೆಮಿಸ್ಟರ್‌ನಲ್ಲಿ ಕೆಪಾಸಿಟರ್ ಬಗ್ಗೆ ಹತ್ತು ಮಾರ್ಕಿನ ಉತ್ತರ ಬರೆದಿದ್ದೆ. ಅದು ಈ ಬೆರಳುದ್ದದ ಡಬ್ಬಿಯೇ ಎಂದು ತಲೆಗೆ ಹೋಗಿರಲಿಲ್ಲ.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ತಾರೀಖು ನೋಡಿದೆ. ಗಾಡಿ ನಿಲ್ಲಲು ಶುರುವಾದದ್ದೂ ಫೆಬ್ರುವರಿ ಕೊನೆಯಿಂದಲೇ. ಕಂಡೆನ್ಸರ್ ಬಿಚ್ಚಿ ಕಾಲೇಜಿನ ಮಲ್ಟಿಮೀಟರ್ ಇಟ್ಟರೆ ಓಮ್ಸ್ ಮೇಲೇರುತ್ತಾ ಹೋಗಿ ಸರ್ಕಿಟ್ ಓಪನ್ ಎಂದು ತೋರಿಸಿತು, ಅಂದರೆ ಪಾಸ್. ಆಮೇಲೆ ತಂಗಿಯ ಹೇರ್ ಡ್ರೈಯರ್ ತಂದು ಅದಕ್ಕೆ ಐದು ನಿಮಿಷ ಬಿಸಿಗಾಳಿ ಊದಿ ಮತ್ತೆ ಇಟ್ಟೆ. ಈ ಸಲ ಮೀಟರ್ ಮೇಲೇರಲೇ ಇಲ್ಲ. ಕೆಲವು ಸಾವಿರ ಓಮ್ಸ್‌ನಲ್ಲೇ ತೂಗಾಡುತ್ತಾ ನಿಂತಿತು. ಬಿಸಿಗೆ ಒಳಗೆ ಲೀಕಾಗುತ್ತಿದೆ. ಹೊಸದು, ಅರವತ್ತು ರೂಪಾಯಿಯದು, ಪೊಟ್ಟಣದ ಮೇಲೆ ಹೆಸರೂ ಇಲ್ಲದ್ದು.

ಸತ್ಯ ಹೇಳಬೇಕೆಂದರೆ ಎರಡು ದಿನ ನಾನು ಬಾಯಿ ಬಿಡಲಿಲ್ಲ. 55 ಸಾವಿರಕ್ಕೆ ಅಪ್ಪ ಕೊಡುವುದಿಲ್ಲ ಎಂದು ಗೊತ್ತಿತ್ತು. ಕೋರ್ಸ್ ಮುಂದಿನ ಬ್ಯಾಚಿಗೆ ಸೇರಿದರಾಯಿತು, ಗಾಡಿ ಉಳಿಯಲಿ. ಹೀಗೆ ಯೋಚಿಸುವುದು ಅಪ್ಪನ ಮೇಲಿನ ಪ್ರೀತಿಯೋ, ಬೆಂಗಳೂರಿನ ಭಯವೋ? ನನಗೇ ತಿಳಿಯಲಿಲ್ಲ. ಮೂರನೇ ದಿನ ಅಪ್ಪನೇ ಕಿಟಕಿಯ ಮೇಲಿದ್ದ ಕಂಡೆನ್ಸರ್ ಎತ್ತಿ ನೋಡಿ, ‘ಇದೇನಾ?’ ಎಂದರು. ಹೂಂ ಎಂದೆ.

‘ಹಾಕು ಹಂಗಾದ್ರೆ. ಯಾಕ್ ಸುಮ್ನಿದ್ದೀಯ?’

ಮೈಸೂರಿನಲ್ಲಿ ಆಟೊ ಎಲೆಕ್ಟ್ರಿಕಲ್ ಅಂಗಡಿಯ ತಾತ ನನ್ನ ಕಥೆಯನ್ನೆಲ್ಲ ಕೇಳಿ, ಯೆಜ್ಡಿಯದ್ದು ಕೊಡಲಿಲ್ಲ. ಡ್ರಾಯರ್ ತಡಕಾಡಿ ಹಳೇ ಅಂಬಾಸಿಡರ್ ಕಾರಿನ ಕಂಡೆನ್ಸರ್ ಕೊಟ್ಟರು. ‘ಒಳಗೆ ಹಾಕ್ಬೇಡ, ಎಂಜಿನ್ ಕಾವು ತಗಲುತ್ತೆ. ವೈರ್ ಎಳ್ದು ಟ್ಯಾಂಕ್ ಕೆಳಗೆ, ಗಾಳಿ ಆಡೋ ಕಡೆ ಕೂರ್ಸು. ಫ್ರೇಮ್ ಪೇಂಟ್ ಕೆರೆದು ಬೋಲ್ಟ್ ಹಾಕು, ಅರ್ತ್ ಸಿಗ್ಬೇಕು’ ಎಂದರು. ದುಡ್ಡು ಕೊಡಲು ಹೋದರೆ, ‘ಓಡಿದ್ರೆ ಬಂದು ಹೇಳು’ ಎಂದು ಕಳಿಸಿದರು.

ಹಾಕಿದ ಭಾನುವಾರ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಕಡಕೊಳದಲ್ಲಿ ಇಬ್ಬರೂ ಮಾತಾಡಲಿಲ್ಲ. ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿತು, ಬಂಡಿಪಾಳ್ಯ ದಾಟಿತು. ಇನ್ನೂ ಪರೀಕ್ಷೆಯಾಗಲಿ ಎಂದು ಮಟಮಟ ಮಧ್ಯಾಹ್ನ ಚಾಮುಂಡಿ ಬೆಟ್ಟ ಹತ್ತಿಸಿದೆವು. ಎರಡು ಸೈಲೆನ್ಸರ್‌ಗಳ ಸದ್ದು ತಿರುವು ತಿರುವಿನಲ್ಲೂ ಬಂಡೆಗೆ ಬಡಿದು ವಾಪಸ್ ಬರುತ್ತಿತ್ತು. ಇಳಿಯುವಾಗ ಅಪ್ಪ ‘ಕೊಡು ಇಲ್ಲಿ’ ಎಂದು ಹ್ಯಾಂಡಲ್ ತಾವೇ ಹಿಡಿದರು, ಮನೆವರೆಗೂ ಬಿಡಲಿಲ್ಲ.

ಅದರ ಮುಂದಿನ ಭಾನುವಾರ ಬೆಂಗಳೂರಿನವರು ಬಂದರು. ಮೊದಲು ಕಂಡೆನ್ಸರ್ ಎಲ್ಲಿದೆ, ಏಕೆ ಅಲ್ಲಿದೆ ಎಂದು ಅಪ್ಪ ಅವರಿಗೆ ತೋರಿಸಿದರು. ಲೀಟರಿಗೆ ಎಷ್ಟು ಆಯಿಲ್ ಬೆರೆಸಬೇಕೆಂದು ಎರಡೆರಡು ಸಲ ಹೇಳಿದರು. ‘ಒಂದು ರೌಂಡ್ ಹೋಗಿ ಬರ್ತೀನಿ ಅಂಕಲ್’ ಎಂದು ಹೊರಟವರು ಅರ್ಧ ಗಂಟೆಯಾದರೂ ಬರಲಿಲ್ಲ. ಅಮ್ಮ ಇಟ್ಟ ಕಾಫಿ ಆರಿತು. ಅಪ್ಪ ಗೇಟಿಗೆ ಒರಗಿ ಮೈಸೂರು ರಸ್ತೆಯ ಕಡೆಗೇ ನೋಡುತ್ತಿದ್ದರು.

‘ಕಡಕೊಳದಲ್ಲಿ ನಿಂತಿರ್ಬೇಕು’ ಎಂದರು. ಅವರ ದನಿಯಲ್ಲಿದ್ದದ್ದು ಆತಂಕವೋ ಆಸೆಯೋ, ಪಕ್ಕದಲ್ಲೇ ಇದ್ದ ನನಗೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ರಸ್ತೆಯ ತಿರುವಿನಾಚೆ ಆ ಸದ್ದು ಕೇಳಿಸಿತು.