ಬೂಸ್ಟ್ ಏರಿದರೆ ಶಕ್ತಿ ಏರಿದಂತಲ್ಲ

ಹಳೆಯ ವಿ8 ಎಂಜಿನ್ನನ್ನು ಬಿಚ್ಚಿ ಹೊಸದಾಗಿ ಕಟ್ಟಲು ಹೊರಟವರಲ್ಲಿ ಒಂದು ನಂಬಿಕೆ ಎಷ್ಟು ತಿದ್ದಿದರೂ ಹೋಗುತ್ತಿಲ್ಲ. ಸೂಪರ್‌ಚಾರ್ಜರ್ ಗಾಳಿಯನ್ನು ಬಲವಂತವಾಗಿ ಒಳಗೆ ನೂಕುತ್ತದೆ, ಹಾಗಾಗಿ ಸಿಲಿಂಡರ್ ಹೆಡ್ ಎಂಥದ್ದಾದರೂ ನಡೆಯುತ್ತದೆ ಎಂಬ ನಂಬಿಕೆ ಅದು. ಅಮೆರಿಕದಲ್ಲಿ 1987ರಿಂದ 1993ರವರೆಗೆ ಮಾರಾಟವಾದ ಫೋರ್ಡ್ ಮಸ್ಟ್ಯಾಂಗ್ 5.0 ಕಾರುಗಳ ವಿಷಯದಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಬೂಸ್ಟ್ ಮೀಟರಿನ ಮುಳ್ಳನ್ನೇ ಶಕ್ತಿಯ ಅಳತೆ ಎಂದುಕೊಳ್ಳುವುದೇ ಇದರ ಮೂಲ. ಆ ಮುಳ್ಳು ತೋರಿಸುವುದು ಮ್ಯಾನಿಫೋಲ್ಡಿನ ಒತ್ತಡವನ್ನು ಮಾತ್ರ, ಸಿಲಿಂಡರಿಗೆ ಇಳಿದ ಗಾಳಿಯ ಪ್ರಮಾಣವನ್ನಲ್ಲ. ಹೆಡ್ಡಿನ ದಾರಿ ಇಕ್ಕಟ್ಟಾದಷ್ಟೂ ಗಾಳಿ ಹಿಂದೆ ಕಿಕ್ಕಿರಿದು ಒತ್ತಡ ಏರುತ್ತದೆ. ಸೂಪರ್‌ಚಾರ್ಜರ್, ಪುಲ್ಲಿ ಎರಡನ್ನೂ ಮುಟ್ಟದೆ ಒಳ್ಳೆಯ ಹೆಡ್ ಕೂರಿಸಿದರೆ ಸಾಮಾನ್ಯವಾಗಿ ಮುಳ್ಳು ಕೆಳಗಿಳಿಯುತ್ತದೆ, ಶಕ್ತಿ ಮೇಲೇರುತ್ತದೆ.

ಲೆಕ್ಕ ಹಾಕಿ ನೋಡಿ. ಹೊರಗಿನ ಗಾಳಿ 27 ಡಿಗ್ರಿ ಸೆಲ್ಸಿಯಸ್, ಬೂಸ್ಟ್ 8 ಪಿಎಸ್‌ಐ ಎಂದಿಟ್ಟುಕೊಳ್ಳೋಣ. ವಾತಾವರಣದ ಒತ್ತಡ 14.7 ಪಿಎಸ್‌ಐ ಆದ್ದರಿಂದ ಒತ್ತಡ ಶೇ. 54ರಷ್ಟು ಹೆಚ್ಚಿತು. ಆದರೆ ಒತ್ತಿದ ಗಾಳಿ ಕಾಯುತ್ತದೆ. ಸೂಪರ್‌ಚಾರ್ಜರಿನ ದಕ್ಷತೆ ಶೇ. 60 ಇದ್ದರೆ ಗಾಳಿಯ ಉಷ್ಣತೆ 90 ಡಿಗ್ರಿ ದಾಟುತ್ತದೆ, ಸಾಂದ್ರತೆ ಹೆಚ್ಚುವುದು ಕಾಲುಭಾಗಕ್ಕಿಂತ ತುಸು ಮೇಲಷ್ಟೇ. ಅದರಲ್ಲೂ ಒಂದು ಪಾಲನ್ನು ಸೂಪರ್‌ಚಾರ್ಜರ್ ತಿರುಗಿಸುವ ಬೆಲ್ಟ್ ಕ್ರ್ಯಾಂಕಿನಿಂದಲೇ ಕಿತ್ತುಕೊಳ್ಳುತ್ತದೆ. ಕಾದ ಗಾಳಿಯಿಂದ ನಾಕಿಂಗ್ ಶುರುವಾದರೆ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಸರಿಸಬೇಕು. ಅಲ್ಲೂ ಶಕ್ತಿ ಹೋಯಿತು. ಇಂಟರ್‌ಕೂಲರ್ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಅದು ಗಾಳಿಯನ್ನು ತಣಿಸುತ್ತದೆ, ನಿಜ. ಬೆಲ್ಟ್ ತಿಂದ ಶಕ್ತಿಯನ್ನು ಹಿಂದಕ್ಕೆ ಕೊಡುವುದಿಲ್ಲ, ಎಕ್ಸಾಸ್ಟ್ ದಾರಿಯನ್ನು ಅಗಲ ಮಾಡುವುದೂ ಇಲ್ಲ. ಆ ಮಸ್ಟ್ಯಾಂಗಿನ ಮೂಲ ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವಿನ ವ್ಯಾಸ ಸುಮಾರು 37 ಮಿಲಿಮೀಟರ್ ಮಾತ್ರ. ಒಳಗೆ ಹೆಚ್ಚು ತುಂಬಿಸಿದ್ದೆಲ್ಲ ಸುಟ್ಟ ಮೇಲೆ ಅದೇ ಕಿಂಡಿಯಿಂದ ಹೊರಬೀಳಬೇಕು.

ಫೋರ್ಡ್ ಕಂಪನಿಯೇ 1993ರ ಮಸ್ಟ್ಯಾಂಗ್ ಕೋಬ್ರಾಗೆ ಜಿಟಿ-40 ಹೆಡ್ ಕೂರಿಸಿತು. ಅದೇ ವರ್ಷದ ಮಾಮೂಲಿ 5.0ಗೆ 205 ಅಶ್ವಶಕ್ತಿ ಎಂದು ನಮೂದಿಸಿದ್ದರೆ, ಕೋಬ್ರಾಗೆ 235. ಮ್ಯಾನಿಫೋಲ್ಡ್, ಕ್ಯಾಮ್ ಕೂಡ ಬದಲಾಗಿದ್ದವು, ಹೆಚ್ಚಳವೆಲ್ಲ ಹೆಡ್ಡಿನದೇ ಎನ್ನಲಾಗದು. ಆದರೆ ಅಷ್ಟೂ ಬಂದದ್ದು ಉಸಿರಾಟ ಸುಧಾರಿಸಿದ್ದರಿಂದ, ಸೂಪರ್‌ಚಾರ್ಜರ್ ಇಲ್ಲದೆ.

ಒಂದು ಆಕ್ಷೇಪಕ್ಕೆ ಮಾತ್ರ ತೂಕವಿದೆ: ಬರೀ ಹೆಡ್ ಕೊಡುವುದಕ್ಕಿಂತ ಹೆಚ್ಚು ಶಕ್ತಿಯನ್ನು ಸೂಪರ್‌ಚಾರ್ಜರ್ ಕೊಡಬಲ್ಲದು. ಚೆನ್ನಾಗಿ ಓಡುತ್ತಿರುವ, ಬಿಚ್ಚುವ ಅಗತ್ಯವಿಲ್ಲದ ಎಂಜಿನ್ನಿಗೆ ಅದನ್ನು ಹಾಕಿಸುವುದು ತಪ್ಪಲ್ಲ. ಆದರೆ ಇಲ್ಲಿ ಎಂಜಿನ್ ಈಗಾಗಲೇ ಬಿಚ್ಚಿದೆ, ಹೆಡ್ ಇಳಿದಿದೆ. ಹಳೆಯ ಹೆಡ್ಡನ್ನೇ ಉಳಿಸಿಕೊಂಡರೂ ವಾಲ್ವ್ ಗೈಡ್, ಸೀಟ್ ಎಂದು ದುಡ್ಡು ಸುರಿಯಲೇಬೇಕು. ಅದೇ ದುಡ್ಡಿನ ಮೇಲೆ ಇನ್ನಷ್ಟು ಸೇರಿಸಿದರೆ ಹೊಸ ಹೆಡ್ ಬರುತ್ತದೆ. ಈ ಎಂಜಿನ್ನಿನ ಮೂಲ ಬ್ಲಾಕ್ 500 ಅಶ್ವಶಕ್ತಿಯ ಆಸುಪಾಸಿನಲ್ಲಿ ಸೀಳುವುದಕ್ಕೆ ಕುಖ್ಯಾತ ಎಂಬುದನ್ನೂ ಬೂಸ್ಟ್ ಮೋಹಿಗಳು ಮರೆಯಬಾರದು.

ಹಾಗೆಂದು ಹೆಡ್ಡಿನ ಪೋರ್ಟ್, ಅಂದರೆ ಗಾಳಿಯ ದಾರಿ, ದೊಡ್ಡದಾದಷ್ಟೂ ಒಳ್ಳೆಯದು ಎಂಬುದೂ ಸುಳ್ಳು. ಗಾಳಿಯ ವೇಗ ಕುಸಿದು ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ ಸೊರಗುತ್ತದೆ. ಇನ್‌ಟೇಕ್ ಪೋರ್ಟನ್ನು ಕನ್ನಡಿಯಂತೆ ಹೊಳೆಯಿಸಿದರೆ ಶಕ್ತಿ ಉಕ್ಕುತ್ತದೆ ಎಂಬುದೂ ಅಷ್ಟೇ. ಜಾಹೀರಾತಿನಲ್ಲಿ ಅಚ್ಚಾದ ಒಂದು ಗರಿಷ್ಠ ಅಂಕಿಯನ್ನು ನಂಬುವವರು, ಅದು ಯಾವ ಆರ್‌ಪಿಎಂನಲ್ಲಿ, ಯಾವ ಇಂಧನದಲ್ಲಿ, ಯಾವ ಹೆಡ್ಡಿನ ಮೇಲೆ ಬಂತು ಎಂದು ಕೇಳುವುದೇ ಇಲ್ಲ. ಕೇಳಬೇಕು, ಡೈನೋ ನಕ್ಷೆಯನ್ನು ಪೂರ್ತಿ ತೋರಿಸಿ ಎನ್ನಬೇಕು.

ಎಂಜಿನ್ ಬಿಚ್ಚಿದ್ದರೆ ಮೊದಲು ಹೆಡ್ ಕೊಳ್ಳಿ. ಮುಂದೆ ಸೂಪರ್‌ಚಾರ್ಜರ್ ಹಾಕುವ ಆಸೆಯಿದ್ದರೆ ಕಂಪ್ರೆಷನ್ನನ್ನು 9:1ರ ಆಸುಪಾಸಿನಲ್ಲಿಟ್ಟು ಫೋರ್ಜ್ಡ್ ಪಿಸ್ಟನ್ ಕೂರಿಸಿ. ಸೂಪರ್‌ಚಾರ್ಜರನ್ನು ಆಮೇಲೆ ಯಾವಾಗ ಬೇಕಾದರೂ ಹೊರಗಿನಿಂದಲೇ ಕೂರಿಸಬಹುದು; ಹೆಡ್ ಬದಲಿಸಬೇಕಾದರೆ ಎಂಜಿನ್ನನ್ನು ಮತ್ತೆ ತೆರೆಯಬೇಕು.